ಗರ್ಭಧಾರಣೆಗೆ ಮುಂಚಿನ ಆಹಾರವೂ ಹೊಲದ ಬೆಳೆಯೂ

ಬಿತ್ತನೆಯಾಗಿ ಪೈರು ಮೇಲೆದ್ದ ಬಳಿಕ ತಿಪ್ಪೆಗೊಬ್ಬರಕ್ಕಾಗಿ ಬಂಡಿ ಕಟ್ಟುವ ಒಕ್ಕಲಿಗನನ್ನು ಯಾರೂ ಜಾಣನೆನ್ನರು. ಆದರೆ ಸೊಸೆಗೆ ದಿನ ನಿಂತ ಸಂಗತಿ ತಿಳಿದ ಮೇಲೆಯೇ ಹಾಲು, ಹಣ್ಣು, ತುಪ್ಪಗಳನ್ನು ತರಿಸುವ ವಾಡಿಕೆಯು ಅನುಕೂಲಸ್ಥರ ಮನೆಗಳಲ್ಲಿಯೂ ಉಂಟು. ಈ ವಾಡಿಕೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಕಾಲ ಮಾತ್ರ ತಪ್ಪಿರುತ್ತದೆ.

ಯಾಕಂದರೆ ಕೂಸಿನ ಮೆದುಳು ಮತ್ತು ಬೆನ್ನುಹುರಿಗಳಾಗತಕ್ಕ ನರನಾಳವು ಗರ್ಭಾಂಕುರವಾದ ಸುಮಾರು 28 ದಿವಸಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ತಾಯಿಗೆ ಮುಟ್ಟು ತಪ್ಪಿ ಎರಡು ವಾರಗಳಾಗಿರುತ್ತವೆಯಷ್ಟೆ. ಫೋಲೇಟ್ ಎಂಬ ಜೀವಸತ್ವವು ಆ ವೇಳೆಗೆ ಆಕೆಯ ರಕ್ತದಲ್ಲಿ ಸಾಕಷ್ಟಿಲ್ಲದಿದ್ದರೆ ನಾಳವು ಪೂರ್ತಿ ಮುಚ್ಚದೆ, ಬೆನ್ನು ತೆರೆದ ಕೂಸು ಹುಟ್ಟುವ ಅಪಾಯವು ಹೆಚ್ಚುತ್ತದೆ. ಅಂಥ ಕೂಸನ್ನು ಹೆತ್ತಿದ್ದ ತಾಯಂದಿರಿಗೆ ಮರುಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟು, ಏಳು ದೇಶಗಳಲ್ಲಿ ನಡೆಸಿದ ಪರೀಕ್ಷೆಯ ಫಲವು 1991ರಲ್ಲಿ ಪ್ರಕಟವಾಯಿತು. ನೂರಕ್ಕೆ 72ರಷ್ಟು ದೋಷವು ತಪ್ಪಿತ್ತು. ಈ ವಿದ್ಯೆಯ ಮೊದಲ ಸುಳಿವು ದೊರೆತದ್ದು ನಮ್ಮ ನಾಡಿನಲ್ಲಿಯೇ: 1928ರಲ್ಲಿ ಮುಂಬಯಿಗೆ ಬಂದ ಡಾಕ್ಟರ್ ಲೂಸಿ ವಿಲ್ಸ್ ಎಂಬಾಕೆಯು ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಯೀಸ್ಟಿನ ಸಾರದಿಂದ ಗುಣಪಡಿಸಿದರು. ಮುಂದೆ ಅದೇ ಸತ್ವವನ್ನು ಸೊಪ್ಪಿನಿಂದ ಬೇರ್ಪಡಿಸಲಾಯಿತು.

ಇದು ಆಸ್ಪತ್ರೆಯವರ ಮಾತು, ಕೃಷಿಕರಿಗೇಕೆ ಎಂದು ಕೇಳಬಹುದು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಹರಿದ ತರುವಾಯ ಭೀಮರಾಯನಗುಡಿಯ ಸುತ್ತಲಿನ ಹೊಲಗಳಲ್ಲಿ ಭತ್ತ, ಹತ್ತಿಗಳು ಹಬ್ಬಿದವು. ಹಣ ಬಂತು, ನೀರನ್ನು ದೂರುವುದು ಕೃತಘ್ನತೆಯಾದೀತು. ಆದರೆ ಸಜ್ಜೆ, ಜೋಳ, ತೊಗರಿಗಳು ಹೊಲ ಬಿಟ್ಟಲ್ಲೆಲ್ಲ ಗಂಗಾಳದಲ್ಲಿಯೂ ಅನ್ನವೇ ಹೆಚ್ಚುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಮೇರೆಗೆ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಬಿಳಿ ಜೋಳದಲ್ಲಿ ಸುಮಾರು 4, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದಕ್ಕೂ ಕಡಿಮೆ. ಪ್ರಾಯದ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಫೋಲೇಟ್ ವಿಷಯದಲ್ಲಿ ಕಡಲೆಕಾಳು ಮುಂದು, 100 ಗ್ರಾಂಗೆ ಸುಮಾರು 230 ಮೈಕ್ರೋಗ್ರಾಂ; ತೊಗರಿಬೇಳೆ 108, ಮೆಂತ್ಯಪಲ್ಯ 75, ಅಕ್ಕಿ 9.

ಸೊಪ್ಪನ್ನು ಕುದಿಸಿದ ನೀರನ್ನು ಚೆಲ್ಲಿದರೆ ಫೋಲೇಟಿನ ದೊಡ್ಡ ಪಾಲು ಅದರೊಡನೆ ಹೋಗುತ್ತದೆ. ಬೇಳೆಯ ಕಟ್ಟಿನಿಂದ ಸಾರು ಮಾಡುವ ನಮ್ಮವರ ಪದ್ಧತಿಯೇ ಮೇಲು. ರೊಟ್ಟಿ ಪಲ್ಯದೊಡನೆ ನಿಂಬೆಹುಳಿ ಇರಲಿ. ಊಟದ ಬೆನ್ನಿಗೇ ಚಹಾ ಬೇಡ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದು. ಬಿ-12 ಎಂಬ ಸತ್ವವು ಕಾಳುಪಲ್ಯಗಳಲ್ಲಿಲ್ಲವಾದ ಕಾರಣ ಮಾಂಸಾಹಾರ ಒಲ್ಲದವರಿಗೆ ಹಾಲು ಮೊಸರುಗಳು ಅವಶ್ಯ. ಉಪ್ಪು ಅಯೋಡಿನ್ ಬೆರೆಸಿದ್ದೇ ಆಗಿರತಕ್ಕದ್ದು.

ಈಗ ಲೆಕ್ಕದ ಮಾತು. ಜೋಳದ ಚೀಲಗಳನ್ನು ವಹಿಯಲ್ಲಿ ಬರೆಯುವ ಗೌಡರು ಮನೆಯ ಬೇಳೆಯ ಖರ್ಚನ್ನೂ ಬಲ್ಲರು. ಆರು ಮಂದಿಗೆ ದಿನಕ್ಕೆ ಅರ್ಧ ಕಿಲೋ ಬೇಳೆ ಬೇಯುತ್ತದೆಂದರೆ ತಲೆಗೆ 80 ಗ್ರಾಂ ಮೇಲ್ಪಟ್ಟಾಯಿತು, ಕೊರತೆಯೆಲ್ಲಿ ಎನ್ನಬಹುದು. ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಕುಳಿತುಕೊಳ್ಳುವ ಸೊಸೆಗೆ ಗಡಿಗೆಯ ತಳದ ತಿಳಿಸಾರು ಉಳಿದಿರುತ್ತದೆ. ಆದಕಾರಣ ಉಗ್ರಾಣದ ಲೆಕ್ಕವು ಇಲ್ಲಿ ಕೆಲಸಕ್ಕೆ ಬಾರದು. ಆಕೆಯ ಗಂಗಾಳದ ಲೆಕ್ಕವನ್ನೇ ಇಡಬೇಕು. ಕೂಸು ಬೇಕೆಂದು ಬಯಸುವುದಕ್ಕೆ ಮೂರು ತಿಂಗಳು ಮುಂಚಿನಿಂದ ದಿನಕ್ಕೊಂದು ಸಾಲು ಸಾಕು: ಬೇಳೆಕಾಳು ಎಷ್ಟು ಹಿಡಿ, ಸೊಪ್ಪು ಉಂಟೋ ಇಲ್ಲವೋ, ಹಾಲು ಮೊಸರು ಅಥವಾ ಮೊಟ್ಟೆ, ಹುಳಿಹಣ್ಣು. ಬರೆಯುವವಳು ಆಕೆಯೇ ಆಗಲಿ, ಅತ್ತೆಯಾಗಲಿ. ವಾರದಲ್ಲಿ ಮೂರು ದಿನ ಸೊಪ್ಪಿನ ಮನೆ ಖಾಲಿಯಿದ್ದರೆ ಕಾರಣವು ತಾನೇ ಹೊರಬೀಳುತ್ತದೆ. ಹೆಚ್ಚಿನಂಶ ಅದು ಹೊಲದಲ್ಲಿರುತ್ತದೆ.

ಊಟ ಸರಿಯಿದ್ದರೂ ಗುಳಿಗೆ ತಪ್ಪಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕು. ಮೊದಲು ಅಂಥ ಕೂಸನ್ನು ಹೆತ್ತವರಿಗೆ ಪ್ರಮಾಣ ಬಹಳ ಹೆಚ್ಚು. ಅದನ್ನು ವೈದ್ಯರೇ ಗೊತ್ತುಮಾಡತಕ್ಕದ್ದು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗೆ ಕೆಳಗಿದ್ದರೆ ಮೊದಲು ಅದರ ಚಿಕಿತ್ಸೆಯಾಗಲಿ. ಗಂಡನೂ ಹೊಗೆಬತ್ತಿ, ಸೆರೆಗಳನ್ನು ಅಷ್ಟೇ ಮುಂಚಿತವಾಗಿ ಬಿಡತಕ್ಕದ್ದು. ಪುರುಷಬೀಜವು ಬಲಿಯಲು ಎರಡು ತಿಂಗಳಿಗೂ ಮಿಕ್ಕಿ ಕಾಲ ಬೇಕು. ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಿ ಈ ಲೇಖನಕ್ಕೆ ಹೇಳುವುದೇನೂ ಇಲ್ಲ, ಅಲ್ಲಿ ಮದುವೆಯೇ ಸಲ್ಲದು.

ಹತ್ತಿಯ ಸಾಲುಗಳ ನಡುವೆ ತಾನಾಗಿ ಬೆಳೆದ ಪಲ್ಯವನ್ನು ಔಷಧ ಹೊಡೆದ ಮೇಲೆ ಕೀಳಬಾರದು. ಆದುದರಿಂದ ಮುಂಗಾರಿನಲ್ಲಿ ಹಿತ್ತಲಿಗೆ ಹತ್ತಿರವಾದ ಎರಡು ಗುಂಟೆ ನೆಲವನ್ನು ಔಷಧದಿಂದ ದೂರವಿರಿಸಿ, ರಾಜಗಿರಿ, ಪುಂಡಿ, ಮೆಂತ್ಯಗಳನ್ನು ಎರಡು ಮೂರು ವಾರಗಳ ಅಂತರದಲ್ಲಿ ಬಿತ್ತಿದರೆ ಸೊಪ್ಪು ಒಮ್ಮೆಲೇ ಬಂದು ಮುಗಿದುಹೋಗದು. ಬದುವಿನಲ್ಲಿ ಒಂದೆರಡು ನುಗ್ಗೆಗಿಡಗಳಿರಲಿ. ಕಾಲುವೆ ನೀರು ಹತ್ತದ ಏರಿನ ತುಂಡಿನಲ್ಲಿ ಮನೆಯ ಮಟ್ಟಿಗೆ ಸಜ್ಜೆ ತೊಗರಿಗಳನ್ನೂ, ಹಿಂಗಾರಿನಲ್ಲಿ ಎರೆಭೂಮಿಯ ಒಂದು ಮೂಲೆಯಲ್ಲಿ ಕಡಲೆಯನ್ನೂ ಹಾಕಿಕೊಳ್ಳಬಹುದು. ಬೀಜವನ್ನು ರೋಹಿಣಿ ಮಳೆಗೆ ಮೊದಲೇ ತೆಗೆದಿರಿಸತಕ್ಕದ್ದು.