ನೀರಿಗೂ ಹೆಪ್ಪು ಹಾಕಬೇಕು

ನಾಲ್ಕು ಗೋಲ್ಡ್‌ಫಿಶ್ ನಮ್ಮ ಮನೆಗೆ ಬಂದಿದ್ದು ಒಂದು ಶನಿವಾರ ಸಂಜೆ. ಮುಂದಿನ ಶುಕ್ರವಾರದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಎಂಟು ವರ್ಷದ ಮಗಳು ಮೊದಲನೆಯದಕ್ಕೆ ಅತ್ತಳು, ಎರಡನೆಯದಕ್ಕೆ ಸುಮ್ಮನಾದಳು. ಕೊನೆಯದನ್ನು ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಹೂಳುವಾಗ, "ಅಪ್ಪಾ, ಇನ್ನು ಮೀನು ತರೋದು ಬೇಡ. ನಮಗೆ ಸಾಕೋಕೆ ಬರಲ್ಲ" ಅಂದಳು. ಹದಿನೈದು ವರ್ಷ ಸಾಫ್ಟ್‌ವೇರ್ ಬರೆದವನಿಗೆ ಇಷ್ಟು ನೇರವಾದ ಬಗ್ ರಿಪೋರ್ಟ್ ಯಾರೂ ಕೊಟ್ಟಿರಲಿಲ್ಲ.

ಮೀನಿನ ವಿಷಯ ನನಗೆ ಗೊತ್ತು ಅಂತಲೇ ಅಂದುಕೊಂಡಿದ್ದೆ. ಅಜ್ಜನ ಮನೆ ಕೊಪ್ಪದ ಹತ್ತಿರ. ರಜೆಗೆ ಹೋದರೆ ಶೃಂಗೇರಿಗೆ ಒಂದು ಸುತ್ತು ಕಡ್ಡಾಯ. ಶೃಂಗೇರಿಯೆಂದರೆ ನಮಗೆ ತುಂಗೆಯ ಮೆಟ್ಟಿಲು, ಕೈಯಲ್ಲಿ ಮಂಡಕ್ಕಿ ಪೊಟ್ಟಣ, ನೀರಲ್ಲಿ ಮೈಗೆ ಮೈ ತಾಗಿಸಿ ನಿಂತ ದೊಡ್ಡ ದೊಡ್ಡ ಮೀನುಗಳು. ಹಿಡಿಹಿಡಿ ಎಸೆದರೂ ಅವಕ್ಕೆ ಏನೂ ಆಗುತ್ತಿರಲಿಲ್ಲ. ಮೀನಿಗೆ ಬೇಕಾದ್ದು ನೀರು ಮತ್ತು ಊಟ ಅಂತ ಅಲ್ಲಿ ಕಲಿತದ್ದನ್ನೇ ಮಯೂರ್ ವಿಹಾರ್ ಫೇಸ್ 1ರ ಮೂರನೇ ಮಹಡಿಗೂ ತಂದೆ. ಹೊಳೆ ಹರಿಯುತ್ತದೆ, ಗಾಜಿನ ಪೆಟ್ಟಿಗೆ ಹರಿಯುವುದಿಲ್ಲ ಅನ್ನೋದು ಹೊಳೆಯಲಿಲ್ಲ.

ಅಕ್ವೇರಿಯಂ ತಂದಿದ್ದಕ್ಕೆ ಕಾರಣ ದೆಹಲಿಯಲ್ಲಿರುವವರಿಗೆ ಹೇಳಬೇಕಿಲ್ಲ. ದೀಪಾವಳಿ ಮುಗಿದ ಮೇಲೆ ಹೊಗೆ ಇಳಿದು ಕೂತರೆ ಮಕ್ಕಳನ್ನು ಆಡಲು ಕೆಳಗೆ ಬಿಡುವಂತಿಲ್ಲ. ಮನೆಯೊಳಗೆ ಏನಾದರೂ ಜೀವಂತವಾದದ್ದು ಇರಲಿ ಅಂತ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಕೊಂಡೆವು. ಅಂಗಡಿಯವನ ಸೂಚನೆ ಎರಡೇ ವಾಕ್ಯ: ನೀರು ತುಂಬಿಸಿ, ಈ ನೀಲಿ ಔಷಧಿ ನಾಲ್ಕು ತೊಟ್ಟು ಹಾಕಿ, ಅರ್ಧ ಗಂಟೆ ಬಿಟ್ಟು ಮೀನು ಬಿಡಿ. ಹಾಗೇ ಮಾಡಿದೆವು. ದಿನಕ್ಕೆ ಮೂರು ಹೊತ್ತು ಊಟವನ್ನೂ ಹಾಕಿದೆವು.

ಎಲ್ಲ ಮುಗಿದ ಮೇಲೆ, ಬುದ್ಧಿ ಬಂದವನ ಹಾಗೆ, ನೀರಿನ ಟೆಸ್ಟ್ ಕಿಟ್ ತರಿಸಿದೆ. ಪುಟ್ಟ ಗಾಜಿನ ನಳಿಕೆಗೆ ತೊಟ್ಟಿಯ ನೀರು ತುಂಬಿ, ಎರಡು ಬಾಟಲಿಯ ದ್ರವ ತೊಟ್ಟಿಕ್ಕಿಸಿ ಕಾಯಬೇಕು. ನಿಂಬೆ ಹಳದಿ ಬಂದರೆ ಅಮೋನಿಯಾ ಇಲ್ಲ. ನಮ್ಮದು ಕರಿಬೇವಿನ ಬಣ್ಣಕ್ಕೆ ತಿರುಗಿತು: 4 ಪಿಪಿಎಂ.

ಅಮೋನಿಯಾ ಅಂದಕೂಡಲೇ ಇಲ್ಲಿನವರಿಗೆ ನೆನಪಾಗುವುದು ಯಮುನೆ. ಪ್ರತಿ ಚಳಿಗಾಲ ಪತ್ರಿಕೆಯಲ್ಲಿ ಅದೇ ಸುದ್ದಿ: ನದಿಯಲ್ಲಿ ಅಮೋನಿಯಾ ಏರಿದೆ, ನೀರು ಪೂರೈಕೆ ಕಡಿತ. ವಜೀರಾಬಾದ್ ಕಡೆ ನದಿನೀರಿನ ಅಮೋನಿಯಾ ಸುಮಾರು 1 ಪಿಪಿಎಂ ದಾಟಿದರೆ ಶುದ್ಧೀಕರಣ ಘಟಕಗಳು ಉತ್ಪಾದನೆಯನ್ನೇ ಇಳಿಸಬೇಕಾಗುತ್ತದೆ. ಆ ಸುದ್ದಿ ಓದಿ ಎಷ್ಟು ಸಲ ಬೈದಿದ್ದೇನೋ. ಒಂದು ವಾರದಲ್ಲಿ ನಮ್ಮ ಹಾಲ್‌ನಲ್ಲಿ ಅದರ ನಾಲ್ಕು ಪಟ್ಟು ತಯಾರಾಗಿತ್ತು.

ನಡೆದದ್ದು ಇಷ್ಟು. ಮೀನು ಕಿವಿರಿನಿಂದ ಅಮೋನಿಯಾ ಹೊರಹಾಕುತ್ತದೆ. ಉಳಿದ ಊಟ ಕೊಳೆತರೂ ಬರುವುದು ಅದೇ. ಹಳೆಯ ತೊಟ್ಟಿಯಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನವೆರಡೂ ಮೀನಿಗೆ ವಿಷ; ನೈಟ್ರೇಟನ್ನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತವೆ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಹೊಲದ ಮಣ್ಣಲ್ಲೂ ನಡೆಯುವುದು ಇದೇ ಕೆಲಸ. 1890ರ ಸುಮಾರಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಹೊಸ ತೊಟ್ಟಿಯಲ್ಲಿ ಇವು ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ತಾವಾಗಿ ಬೆಳೆದು ಸಾಕಷ್ಟಾಗಲು ನಾಲ್ಕರಿಂದ ಆರು ವಾರ ಬೇಕು. ನಾವು ಕೊಟ್ಟಿದ್ದು ಅರ್ಧ ಗಂಟೆ. ಅದೂ ಗೋಲ್ಡ್‌ಫಿಶ್‌ಗೆ! ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕಿ ಗೇಣುದ್ದ ಬೆಳೆಯುವ, ಗಲೀಜೂ ಜಾಸ್ತಿ ಮಾಡುವ ಮೀನದು. ಐವತ್ನಾಲ್ಕು ಲೀಟರಿಗೆ ನಾಲ್ಕು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ವಿವರಿಸುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: "ಅಂದ್ರೆ ಹೆಪ್ಪು ಹಾಕದೆ ಮೊಸರು ಆಗ್ಲಿ ಅಂತ ಕೂತಿದ್ರಿ. ಯಾರ ಮನೇಲಾದ್ರೂ ಹೆಪ್ಪು ಕೇಳಿ ತಗೊಂಡು ಬಾ."

ನಿಜವಾಗಿಯೂ ಅಷ್ಟೇ ಮಾಡಬೇಕಿತ್ತು. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಫಿಲ್ಟರ್‌ನ ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡಿರುತ್ತವೆ. ಫೇಸ್ 2ರಲ್ಲಿ ಧಾರವಾಡ ಕಡೆಯವರೊಬ್ಬರ ಮನೆಯಲ್ಲಿ ಹಳೆಯ ತೊಟ್ಟಿ ಇತ್ತು. ಮೊಸರಿಗೆ ಕೇಳುವಷ್ಟೇ ಸಂಕೋಚದಿಂದ ಕೇಳಿದೆ. ಅವರು ಕಂದು ಹಿಡಿದ ಸ್ಪಂಜಿನ ಅರ್ಧ ಕತ್ತರಿಸಿ, ಅವರ ತೊಟ್ಟಿಯದೇ ನೀರಿನ ಜೊತೆ ಸ್ಟೀಲ್ ಡಬ್ಬಿಗೆ ಹಾಕಿ ಕೊಟ್ಟರು. "ಒಣಗಿಸಬ್ಯಾಡ್ರಿ, ನಳದ ನೀರು ತೋರಿಸಬ್ಯಾಡ್ರಿ, ಸೀದಾ ಮನೀಗೆ ಹೋಗ್ರಿ" ಅಂದರು. ಇ-ರಿಕ್ಷಾದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಮುಂದಿನ ಮೂರು ವಾರ ನಮ್ಮದು ಮೀನಿಲ್ಲದ ಅಕ್ವೇರಿಯಂ. ನೀರೆಲ್ಲ ಬದಲಿಸಿ, ಹಳೆಯ ಸ್ಪಂಜನ್ನು ನಮ್ಮ ಫಿಲ್ಟರಿಗೆ ಸೇರಿಸಿ, ಏರ್ ಪಂಪ್ ಹಚ್ಚಿ, ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕುವುದು. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಆಹಾರ. "ಯಾರಿಗೆ ಊಟ ಹಾಕ್ತಿದೀವಿ?" ಅಂತ ಮಗಳು ಮೊದಮೊದಲು ಅನುಮಾನದಿಂದ ಕೇಳಿದಳು. ಬಂದ ನೆಂಟರು ಖಾಲಿ ತೊಟ್ಟಿ ನೋಡಿ ನನ್ನನ್ನು ನೋಡುತ್ತಿದ್ದರು. ಆದರೆ ನಳಿಕೆಯ ಬಣ್ಣ ಬದಲಾಗತೊಡಗಿದಾಗ ಅವಳೇ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೋಷ್ಟಕ ಹಾಕಿದಳು. ಅಮೋನಿಯಾ ಏರಿ ಇಳಿಯಿತು, ನೈಟ್ರೈಟ್ ಏರಿ ಇಳಿಯಿತು. ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಮಾತ್ರ ಕಾಣಿಸಿಕೊಂಡ ದಿನ ಶಾಲೆಯಿಂದ ಬಂದವಳು ಷೂ ಬಿಚ್ಚುವ ಮೊದಲೇ ಓಡಿದ್ದು ತೊಟ್ಟಿಯ ಹತ್ತಿರ.

ಈ ಸಲ ತಂದಿದ್ದು ಆರು ಜೀಬ್ರಾ ಮೀನು. ಕಿರುಬೆರಳಿಗಿಂತ ಚಿಕ್ಕದು, ಮೈಮೇಲೆ ನೀಲಿ ಗೆರೆ, ಗುಂಪಿನಲ್ಲೇ ಇರಬೇಕು. ಹೊರದೇಶದ್ದಲ್ಲ, ಗಂಗೆಯ ಬಯಲಿನ ಹಳ್ಳ, ಗದ್ದೆಗಳದೇ ಮೀನು. ಇದನ್ನು 1822ರಲ್ಲಿ ಮೊದಲು ವಿವರಿಸಿದವನು ನಮಗೂ ಗೊತ್ತಿರುವವನೇ: ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿ ಊರೂರಿನ ಬೆಳೆ, ಕಸುಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಆಮೇಲೆ ಬಂಗಾಳದ ಕಡೆ ಹೋಗಿ ಗಂಗೆಯ ಮೀನುಗಳ ಬಗ್ಗೆ ಪುಸ್ತಕ ಬರೆದ. ನಮ್ಮ ನಲ್ಲಿಗೆ ಬರುವುದೂ ಹೆಚ್ಚಾಗಿ ಗಂಗೆಯೇ. ಮುರಾದ್‌ನಗರದಲ್ಲಿ ಮೇಲ್ಗಂಗಾ ಕಾಲುವೆಯಿಂದ ತೆಗೆದ ನೀರು ಪೂರ್ವ ದೆಹಲಿಗೆ ಬರುತ್ತದೆ. ಮೀನಿಗೆ ಊರ ನೀರೇ ಸಿಕ್ಕ ಹಾಗಾಯಿತು. ನಮಗಿನ್ನೂ ಆ ಭಾಗ್ಯವಿಲ್ಲ.

ಜೀಬ್ರಾವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಇಲ್ಲಿನ ಹವೆ. ನೀರು 18 ಡಿಗ್ರಿಗೆ ಇಳಿದರೂ ಇವು ತಡೆಯುತ್ತವೆ. ಜನವರಿಯಲ್ಲಿ ಅದಕ್ಕೂ ಕೆಳಗೆ ಹೋಗುತ್ತದೆ, ಹಾಗಾಗಿ ಚಿಕ್ಕ ಹೀಟರ್ ಬೇಕೇ ಬೇಕು. ಮೇ ತಿಂಗಳಲ್ಲಿ ತೊಂದರೆ ಉಲ್ಟಾ: ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ಮಣ್ಣಿನ ಮಡಕೆಯ ಹಾಗೆ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಇರಲಿ, ಸ್ಪಂಜಿನ ಜೀವಿಗಳಿಗೂ ಆಮ್ಲಜನಕ ಬೇಕು. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ ಇಲ್ಲವೇ ಕ್ಲೋರಿನ್ ತೆಗೆಯುವ ದ್ರವ ಹಾಕಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ದಸರಾ, ದೀಪಾವಳಿ ನಡುವೆ ದುರಸ್ತಿಗೆಂದು ಗಂಗಾ ಕಾಲುವೆ ಮುಚ್ಚಿದಾಗ ನಮ್ಮ ಕಡೆಗೂ ಯಮುನೆಯ ನೀರೇ ಬರುತ್ತದೆ. ಆ ದಿನಗಳಲ್ಲಿ ನಲ್ಲಿ ನೀರನ್ನೂ ಪರೀಕ್ಷಿಸಿಯೇ ಹಾಕುತ್ತೇವೆ. ತುಂಬಿದ ತೊಟ್ಟಿ ಕಲ್ಲು ಸೇರಿ ಎಪ್ಪತ್ತು ಕಿಲೋ ದಾಟುತ್ತದೆ, ಟೀವಿ ಸ್ಟ್ಯಾಂಡ್ ಮೇಲಿಡುವ ಯೋಚನೆ ಬಿಡಿ. ಬೇಸರವಾಯಿತೆಂದು ಮೀನನ್ನು ಯಮುನೆಗೆ ಬಿಡುವ ಪುಣ್ಯದ ಕೆಲಸವೂ ಬೇಡ. ತೊಟ್ಟಿ ಸ್ವಚ್ಛ ಮಾಡುತ್ತದೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೇ ಗಂಗೆ ಸೇರಿದೆ.

ಹೋದ ತಿಂಗಳು ಕೆಳಮನೆಯ ಪಂಜಾಬಿ ಆಂಟಿ ಮೊಮ್ಮಗನಿಗೆ ಹೊಸ ತೊಟ್ಟಿ ತಂದರು. ಮಗಳು ನನ್ನನ್ನು ಕೇಳದೆಯೇ ನಮ್ಮ ಸ್ಪಂಜಿನ ಒಂದು ತುಂಡು ಕತ್ತರಿಸಿ, ಧಾರವಾಡದವರ ಅದೇ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟು, ಮೂರು ವಾರ ಮೀನು ತರಲೇಬಾರದೆಂದು ಹಿಂದಿಯಲ್ಲಿ ಕಟ್ಟುನಿಟ್ಟಾಗಿ ಹೇಳಿ ಬಂದಳು. ಡಬ್ಬಿ ಇನ್ನೂ ವಾಪಸು ಬಂದಿಲ್ಲ.