ಪಾಗಾರದಾಚೆಯ ದನಿ

ಮುಖ ನೋಡದೆ ಪ್ರೀತಿ ಹುಟ್ಟೀತೆ? ನಾಯಕಿಯನ್ನು ಒಮ್ಮೆಯೂ ತೆರೆಯ ಮೇಲೆ ತೋರಿಸದೆ ಪ್ರೇಮಕಥೆಯೊಂದನ್ನು ಚಲನಚಿತ್ರವಾಗಿಸಲಾದೀತೆ? ಈ ಎರಡು ಪ್ರಶ್ನೆಗಳಿಗೂ ಮಲೆಯಾಳದ 'ಮತಿಲುಕಳ್' ಚಿತ್ರ ಹೌದೆಂದು ಉತ್ತರಿಸುತ್ತದೆ. ಅಡೂರ್ ಗೋಪಾಲಕೃಷ್ಣನ್ ನಿರ್ದೇಶಿಸಿದ ಈ ಚಿತ್ರ 1990ರಲ್ಲಿ ತೆರೆಗೆ ಬಂತು. ವೈಕಂ ಮುಹಮ್ಮದ್ ಬಷೀರರು 1960ರ ದಶಕದ ನಡುವೆ ಬರೆದ ಅದೇ ಹೆಸರಿನ ಕಿರುಕಾದಂಬರಿಯೇ ಇದಕ್ಕೆ ಆಧಾರ. 'ಮತಿಲ್' ಎಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮೂರ ಪಾಗಾರವೇ ಅದು. ಆದರೆ ಇಲ್ಲಿಯದು ಮನೆಯ ಪಾಗಾರವಲ್ಲ, ತಿರುವನಂತಪುರದ ಸೆಂಟ್ರಲ್ ಜೈಲಿನ ಎತ್ತರದ ಗೋಡೆ.

ಕಥೆಯ ನಾಯಕ ಬೇರಾರೂ ಅಲ್ಲ, ಸ್ವತಃ ಬಷೀರ್. ಸ್ವಾತಂತ್ರ್ಯಪೂರ್ವದ ತಿರುವಾಂಕೂರಿನಲ್ಲಿ, ದಿವಾನ್ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರರ ಆಡಳಿತಕಾಲದಲ್ಲಿ, ತಮ್ಮ ಬರಹಗಳಿಗಾಗಿ ಅವರು ಸೆರೆಮನೆ ಸೇರಿದ್ದರು. 'ಪ್ರೇಮಲೇಖನಂ' ಎಂಬ ನಗೆ ಚಿಮ್ಮಿಸುವ ಪ್ರೇಮಕಥೆ ಹುಟ್ಟಿದ್ದೂ ಆ ಸೆರೆಮನೆಯಲ್ಲಿಯೇ. 'ಮತಿಲುಕಳ್' ಕಥೆಯ ಬಷೀರನೂ ಅಂಥವನೇ. ಜೈಲಿನೊಳಗೆ ಗುಲಾಬಿ ತೋಟ ಮಾಡುತ್ತಾನೆ, ಚಹಾ ಕಾಯಿಸುತ್ತಾನೆ, ಕಾವಲುಗಾರರೊಡನೆ ತಮಾಷೆಯಾಡುತ್ತಾನೆ.

ಒಂದು ದಿನ ರಾಜಕೀಯ ಕೈದಿಗಳಿಗೆಲ್ಲ ಬಿಡುಗಡೆಯಾಗುತ್ತದೆ. ಪಟ್ಟಿಯಲ್ಲಿ ಬಷೀರನ ಹೆಸರು ಮಾತ್ರ ಇಲ್ಲ. ಗೆಳೆಯರೆಲ್ಲ ಹೊರಟುಹೋದ ಮೇಲೆ ಆ ತೋಟ, ಆ ಅಂಗಳ ಬಿಕೋ ಎನ್ನುತ್ತವೆ. ಗೋಡೆ ಹಾರಿ ಓಡಿಹೋಗುವ ಯೋಚನೆಯೂ ಅವನ ತಲೆಗೆ ಬರುತ್ತದೆ. ಆಗ ಗೋಡೆಯಾಚೆಯಿಂದ ಒಂದು ಹೆಣ್ಣುದನಿ. ಅತ್ತ ಕಡೆ ಇರುವುದು ಹೆಂಗಸರ ಜೈಲು. ಅವಳ ಹೆಸರು ನಾರಾಯಣಿ.

ಮುಂದಿನದೆಲ್ಲ ಮಾತು, ಬರಿಯ ಮಾತು. ಅವಳು ಗುಲಾಬಿ ಗಿಡ ಕೇಳುತ್ತಾಳೆ. ಇವನು ಗೋಡೆಯ ಮೇಲಿಂದ ಎಸೆದು ಕೊಡುತ್ತಾನೆ. ಅವಳು ಬಂದು ನಿಂತಳೆಂಬುದಕ್ಕೆ ಗುರುತು, ಗೋಡೆಯ ಮೇಲಕ್ಕೆ ಹಾರುವ ಒಂದು ಒಣ ಕಡ್ಡಿ. ಆ ಕಡ್ಡಿ ಕಂಡೊಡನೆ ಇವನು ಓಡುತ್ತಾನೆ. ನಗು, ಹುಸಿಮುನಿಸು, ಅಳು, ಅಸೂಯೆ ಎಲ್ಲವೂ ಕಲ್ಲಿನ ಎರಡು ಮಗ್ಗುಲಲ್ಲಿ ನಡೆಯುತ್ತವೆ. ಕೊನೆಗೆ ಜೈಲಿನ ಆಸ್ಪತ್ರೆಯಲ್ಲಿ ಒಬ್ಬರನ್ನೊಬ್ಬರು ಕಾಣುವುದೆಂದು ದಿನ ಗೊತ್ತಾಗುತ್ತದೆ. ಅಷ್ಟರಲ್ಲಿ ಬಷೀರನಿಗೆ ಬಿಡುಗಡೆಯ ಆಜ್ಞೆ ಬರುತ್ತದೆ! ಆಚೆ ಕಡೆಗೆ ಒಂದು ಮಾತು ತಿಳಿಸಲೂ ಎಡೆಯಿಲ್ಲ. ಯಾವ ಕಾಗದಕ್ಕಾಗಿ ಹಿಂದೆ ಹಂಬಲಿಸಿದ್ದನೋ ಅದೇ ಕಾಗದ ಈಗ ಅವನಿಗೆ ಹೊಸ ಶಿಕ್ಷೆಯಂತೆ ಕಾಣುತ್ತದೆ.

ಪುಸ್ತಕದಲ್ಲಿ ನಾರಾಯಣಿಯನ್ನು ಮರೆಯಲ್ಲಿಡುವುದು ಸುಲಭ; ಓದುಗನ ಕಣ್ಣಿಗೆ ಹೇಗೂ ಅಕ್ಷರವಲ್ಲದೆ ಬೇರೇನೂ ಕಾಣದು. ಸಿನೆಮಾದಲ್ಲಿ ಹಾಗಲ್ಲ. ಕ್ಯಾಮರಾ ಗೋಡೆಯಾಚೆ ಹೋಗಬಲ್ಲದು, ಪ್ರೇಕ್ಷಕನೂ ಅದನ್ನೇ ಬಯಸುತ್ತಾನೆ. ಅಡೂರರು ಆ ಆಸೆಗೆ ಬಲಿಯಾಗಲಿಲ್ಲ. ಬಷೀರನಿಗೆ ಕಾಣದ್ದು ನಮಗೂ ಕಾಣಬಾರದೆಂದು ಕ್ಯಾಮರಾವನ್ನು ಈಚೆಯೇ ನಿಲ್ಲಿಸಿದರು. ನಾರಾಯಣಿಗೆ ದನಿ ಕೊಟ್ಟವರು ಕೆ. ಪಿ. ಎ. ಸಿ. ಲಲಿತಾ. ಕೇರಳಕ್ಕೆಲ್ಲ ಪರಿಚಿತವಾದ ದನಿಯದು. ಅದನ್ನು ಕೇಳಿದೊಡನೆ ನಟಿಯ ಮುಖ ನೆನಪಾದೀತೆಂದು ಆಕ್ಷೇಪಿಸುವವರು ಇರಬಹುದು. ನಮ್ಮ ಅಭಿಪ್ರಾಯದಲ್ಲಿ, ಒಂದೆರಡು ನಿಮಿಷ ಕಳೆಯುವುದರೊಳಗೆ ನಟಿ ಮರೆತುಹೋಗಿ ನಾರಾಯಣಿ ಮಾತ್ರ ಉಳಿಯುತ್ತಾಳೆ. ಮಮ್ಮುಟ್ಟಿಯವರ ಕೆಲಸವೂ ಕಡಿಮೆಯದಲ್ಲ. ಎದುರಿಗೆ ನಟಿಯಿಲ್ಲ, ಇರುವುದು ಕಲ್ಲು. ಆ ಕಲ್ಲನ್ನು ನೋಡುತ್ತಲೇ ಅವರು ನಾಚುತ್ತಾರೆ, ಕರಗುತ್ತಾರೆ. 1989ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅಡೂರರು ಶ್ರೇಷ್ಠ ನಿರ್ದೇಶಕರೆನಿಸಿದರು. ಈ ಚಿತ್ರ ಹಾಗೂ 'ಒರು ವಡಕ್ಕನ್ ವೀರಗಾಥಾ' ಚಿತ್ರದ ಅಭಿನಯಕ್ಕಾಗಿ ಮಮ್ಮುಟ್ಟಿ ಶ್ರೇಷ್ಠ ನಟರಾದರು.

ಚಿತ್ರದ ಸಂಗೀತ ನಿರ್ದೇಶಕರ ಹೆಸರು ಕನ್ನಡಿಗರ ಕಿವಿ ನೆಟ್ಟಗಾಗಿಸುವಂಥದು. ಅವರು ವಿಜಯಭಾಸ್ಕರ್. 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ನಾಗರಹಾವು' ಚಿತ್ರಗಳ ಹಾಡುಗಳಿಂದ ಮನೆಮಾತಾದವರು. ಹಾಡಿಗೆ ಹೆಸರಾದ ಆ ಕೈ ಈ ಚಿತ್ರದಲ್ಲಿ ಎಷ್ಟು ಸಂಯಮದಿಂದ ದುಡಿದಿದೆಯೆಂಬುದನ್ನು ಕೇಳಿಯೇ ತಿಳಿಯಬೇಕು. ಬಷೀರರ ಕಥೆ, ಅಡೂರರ ದೃಷ್ಟಿ, ಕನ್ನಡದ ವಿಜಯಭಾಸ್ಕರರ ನಾದ ಮೂರೂ ಒಂದೆಡೆ ಕೂಡಿದಾಗ ಯಾವ ಗಡಿಯೂ ಅಡ್ಡಬರಲಿಲ್ಲ.

ನಾವು ಈ ಚಿತ್ರವನ್ನು ಇಲ್ಲಿ ಎತ್ತಿಕೊಳ್ಳಲು ಇನ್ನೊಂದು ಕಾರಣವಿದೆ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈಚೆಗೆ ನಮ್ಮ ಅನೇಕ ಮನೆಗಳಲ್ಲಿ ಮಲೆಯಾಳವೆಂದರೆ ಅರ್ಥವಾಗದ ನೋಟೀಸು, ತುಂಬಲಾಗದ ಅರ್ಜಿ ಎಂಬ ಭಾವನೆ ಬೇರೂರಿದೆ. ಅದು ಸುಮ್ಮನೆ ಬಂದದ್ದಲ್ಲ. ನಮ್ಮ ಭಾಷೆಯಲ್ಲಿ ಶಾಲೆ, ನಮ್ಮ ಭಾಷೆಯಲ್ಲಿ ಕಾಗದಪತ್ರ ಬೇಕೆಂಬ ಬೇಡಿಕೆಯಿಂದ ನಾವು ಒಂದು ಹೆಜ್ಜೆಯೂ ಹಿಂದೆ ಸರಿಯಬೇಕಾಗಿಲ್ಲ. ಆದರೆ ಸರಕಾರದ ಆಜ್ಞೆ ಬೇರೆ, ಬಷೀರ್ ಬೇರೆ. ಆಜ್ಞೆಯ ಮೇಲಿನ ಸಿಟ್ಟಿನಿಂದ ಬಷೀರರ ಪುಸ್ತಕವನ್ನು ದೂರವಿಟ್ಟರೆ ನಷ್ಟ ನಮಗೇ. ಅವರೂ ಆಳುವವರ ಆಜ್ಞೆಗೆ ಸಿಕ್ಕಿ ಜೈಲು ಕಂಡವರೆಂಬುದನ್ನು ಮರೆಯಬಾರದು.

ಮುಖವಿಲ್ಲ, ಸ್ಪರ್ಶವಿಲ್ಲ, ಇಬ್ಬರಿಗೂ ಆಸರೆಯಾದದ್ದು ತಾಯ್ನುಡಿಯೊಂದೇ. ನುಡಿಯನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗಿಂತ ಚೆನ್ನಾಗಿ ಇದನ್ನು ಅರಿಯಬಲ್ಲವರು ಯಾರು? ನಮ್ಮ ಮಕ್ಕಳು ಮಲೆಯಾಳ ಚಿತ್ರಗಳನ್ನು ಹೇಗೂ ನೋಡುತ್ತಾರೆ, ಮಾತು ಅವರಿಗೆ ತಿಳಿಯುತ್ತದೆ. ಬಿಡುವಾದಾಗ ಈ ಚಿತ್ರವನ್ನು ಅವರೊಡನೆ ಕುಳಿತು ಹಿರಿಯರೂ ನೋಡಲಿ. ನೋಡಿದ ಮೇಲೆ ಅದರ ಕುರಿತ ಮಾತು ಮನೆಯಲ್ಲಿ ಕನ್ನಡದಲ್ಲಿ ನಡೆಯಲಿ.