ತಂತಿಯೊಳಗಿನ ತಾಳ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕಂಸಾಳೆಯ ಕುಣಿತವನ್ನು ನೋಡದವರು ವಿರಳ. ದೇವರಗುಡ್ಡರ ಕೈಯ ಕಂಚಿನ ತಾಳ ಒಮ್ಮೆ ಝಣತ್ಕರಿಸಿದರೆ ನಾದವು ಅಲ್ಲಿಗೇ ಮುಗಿಯದು. ಅದರ ಗುಂಗು ಆರುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಗತಿ ಮಿತಿಯಲ್ಲಿರುವವರೆಗೆ ಪೆಟ್ಟುಗಳನ್ನು ಎಣಿಸಬಹುದು. ಮಿತಿ ಮೀರಿದರೆ ಕಿವಿಗೆ ಕೇಳುವುದು ಬರಿಯ ಮೊರೆತ.

ತಂತಿಯಲ್ಲಿ ಸುದ್ದಿ ಕಳುಹಿಸುವವರನ್ನು ಮೊದಲಿನಿಂದ ಕಾಡಿದ ತೊಡಕೂ ಇದೇ. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ತಂತಿಯಲ್ಲಿ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶವು ಸಾಗಲು ಸುಮಾರು 16 ಗಂಟೆ ಬೇಕಾಯಿತು. ಚುರುಕಾಗಿ ಹೊರಟ ವಿದ್ಯುತ್ ಮಿಡಿತ ದಾರಿಯಲ್ಲಿ ಹರಡಿ, ಹಿಂದೆ ಬರುವ ಮಿಡಿತದ ಮೇಲೆ ತನ್ನ ಬಾಲವನ್ನು ಚಾಚುತ್ತಿತ್ತು.

ಬಾಲವನ್ನು ಕತ್ತರಿಸುವುದು ಹೇಗೆ? ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದ ಪ್ರಬಂಧ ತೋರಿದ ದಾರಿ ಸೊಗಸಾದುದು: ಕತ್ತರಿಸಬೇಕಾಗಿಯೇ ಇಲ್ಲ! ಗ್ರಾಹಕಯಂತ್ರವು ತಂತಿಯನ್ನು ಸದಾಕಾಲ ನೋಡುವುದಿಲ್ಲ. ಗೊತ್ತಾದ ಕ್ಷಣಗಳಲ್ಲಿ ಮಾತ್ರ ಇಣುಕುತ್ತದೆ. ಮುಂದಿನ ಮಿಡಿತವನ್ನು ಅಳೆಯುವ ಆ ಕ್ಷಣಕ್ಕೆ ಹಿಂದಿನದರ ಬಾಲ ಸರಿಯಾಗಿ ಸೊನ್ನೆಗೆ ಇಳಿದಿದ್ದರೆ ಸಾಕು. ನಡುವೆ ಅದು ಹೇಗೆ ತೂಗಾಡಿದರೂ ಬಾಧಕವಿಲ್ಲ.

ಆದರೆ ಬಾಲ ಉದ್ದವಾಗಿದ್ದರೆ ಗಡಿಯಾರ ಕೂದಲೆಳೆಯಷ್ಟು ತಪ್ಪಿದರೂ ಅನರ್ಥವಾದೀತು. ಆದುದರಿಂದ ತಂತ್ರಜ್ಞರು ಕಂಪನಗಳ ಹರವನ್ನು ಸ್ವಲ್ಪ ಹೆಚ್ಚಿಸಿ, ಬೇಗ ಕುಗ್ಗುವ ನಯವಾದ ಅಲೆಯನ್ನು ಆರಿಸಿಕೊಳ್ಳುವರು. ತಂತಿಯು ಮಾಡುವ ವಿಕಾರವನ್ನು ಗ್ರಾಹಕದ ಇನ್ನೊಂದು ಸಲಕರಣೆ ಅರಿತು ಸರಿಪಡಿಸುತ್ತದೆ.

ಇಂದು ಕಚೇರಿಗಳ ಗಣಕಯಂತ್ರಗಳನ್ನು ಬೆಸೆಯುವ ಗಿಗಾಬಿಟ್ ಈಥರ್ನೆಟ್ ತಂತಿಯನ್ನೇ ನೋಡಿ. 1999ರಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ತಂತಿಯ ಒಂದೊಂದು ಜೋಡಿಯಲ್ಲೂ ಸೆಕೆಂಡಿಗೆ 12.5 ಕೋಟಿ ಮಿಡಿತಗಳು ಹರಿಯುತ್ತವೆ. ತಂತಿಯ ಗರಿಷ್ಠ ಉದ್ದವಾದ 100 ಮೀಟರಿನೊಳಗೆ ಯಾವ ಕ್ಷಣದಲ್ಲೂ ಸುಮಾರು 60 ಮಿಡಿತಗಳು ಒಂದರ ಹಿಂದೊಂದು ಸಾಗುತ್ತಿರುತ್ತವೆ!

ಇದು ಪಂಡಿತರ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ಗಣಕಯಂತ್ರದ ಬರಹದಲ್ಲಿ 3 ಎಂಬ ಅಂಕಿಗೂ 2 ಎಂಬ ಅಂಕಿಗೂ ಇರುವ ಅಂತರ ಒಂದೇ ಒಂದು ಬಿಟ್. ಅದು ಪಲ್ಲಟವಾದರೆ ಗುಂಡ್ಲುಪೇಟೆಯ ರೈತನೊಬ್ಬನ ಪಹಣಿಯ 3 ಎಕರೆ 2 ಎಕರೆಯಾದೀತು. ತಪ್ಪನ್ನು ಹಿಡಿದು ಮತ್ತೆ ಕಳುಹಿಸುವ ಏರ್ಪಾಡುಗಳೇನೋ ಉಂಟು. ಆದರೆ ಅಲೆಯೇ ಕೆಟ್ಟಿದ್ದರೆ ಮರಳಿ ಮರಳಿ ಕಳುಹಿಸುವುದರಲ್ಲೇ ವೇಗವೆಲ್ಲ ಕರಗಿಹೋಗುವುದು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ 40 ಕಿಲೋಮೀಟರಿಗೂ ಕಡಿಮೆ ದೂರ. ಆದರೂ ಈ ತಾಮ್ರದ ತಂತಿಗೆ ಅದು ಎಟುಕದು; ಅಷ್ಟು ದೂರಕ್ಕೆ ಬೆಳಕನ್ನು ಹೊತ್ತೊಯ್ಯುವ ಗಾಜಿನ ಎಳೆಯೇ ಬೇಕು. ಅಲ್ಲಿಯೂ ಮಿಡಿತ ಹರಡದೆ ಬಿಡದು. ವಾಹಕ ಬದಲಾದರೂ ನಿಯಮ ಬದಲಾಗಿಲ್ಲ: ಪ್ರತಿಯೊಂದು ಮಿಡಿತವೂ ತನ್ನ ಸರದಿಯಲ್ಲಿ ನುಡಿಯಬೇಕು, ಇತರರ ಸರದಿಯಲ್ಲಿ ಮೌನವಾಗಿರಬೇಕು.